ಮಗಳಿಗೆ ರಕ್ತದ ಕ್ಯಾನ್ಸರ್: ‘ರಿಪೋರ್ಟ್ ಕ್ಲೀನ್ ಬಂತಲ್ಲ, ಇನ್ಯಾಕೆ ಕಿಮೊ?’ ಎನ್ನುವ ಮುನ್ನ ಹೆತ್ತವರು ತಿಳಿಯಬೇಕಾದದ್ದು

“ಪಪ್ಪಾಯಿ ಎಲೆ ರಸ 15 ದಿನ ಕುಡಿದರೆ ಬ್ಲಡ್ ಕ್ಯಾನ್ಸರ್ ಮಾಯ! ನಾಲ್ಕನೇ ಸ್ಟೇಜ್ ರೋಗಿಯೂ ಗುಣ. ಡಾಕ್ಟರ್‌ಗಳು ಇದನ್ನು ಹೇಳುವುದಿಲ್ಲ. ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿ.”

ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ನಮ್ಮಲ್ಲಿ ಹೆಚ್ಚಿನವರು ಓದಿ ಮುಂದೆ ಹೋಗುತ್ತೇವೆ, ಇಲ್ಲವೇ ‘ಯಾರಿಗಾದರೂ ಉಪಯೋಗವಾಗಲಿ’ ಎಂದು ಒಂದು ಫಾರ್ವರ್ಡ್ ಒತ್ತುತ್ತೇವೆ. ಆದರೆ ಆ ಸಂದೇಶ ಕೊನೆಗೆ ತಲುಪುವುದು ಮಗಳನ್ನು ಕಿಮೊಥೆರಪಿ ವಾರ್ಡಿನಲ್ಲಿ ಮಲಗಿಸಿ, ಹೊರಗೆ ಬೆಂಚಿನ ಮೇಲೆ ಕೂತಿರುವ ಅಪ್ಪ ಅಮ್ಮನ ಫೋನಿಗೆ. ಅವರು ಅದನ್ನು ಓದಿ ಮುಂದೆ ಹೋಗಲಾರರು.

ಈ ಲೇಖನ ಅವರಿಗಾಗಿ. ಮತ್ತು ಅವರಿಗೆ ಸಂದೇಶ ಕಳಿಸುವ ನಮ್ಮೆಲ್ಲರಿಗಾಗಿ.

ಸಂಕ್ಷಿಪ್ತವಾಗಿ:
• ತೀವ್ರ ಲ್ಯುಕೇಮಿಯಾಗೆ ‘ನಾಲ್ಕನೇ ಸ್ಟೇಜ್’ ಎಂಬುದಿಲ್ಲ.
• ಮೊದಲ ತಿಂಗಳ ನಂತರ ರಿಪೋರ್ಟ್ ಕ್ಲೀನ್ ಬಂದರೆ ಕಾಯಿಲೆ ಮುಗಿಯಿತು ಎಂದಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಡುವುದೇ ದೊಡ್ಡ ಅಪಾಯ.
• ಕಿಮೊ ನಡೆಯುವಾಗ ಜ್ವರ ಬಂದರೆ ಅದು ತುರ್ತು ಪರಿಸ್ಥಿತಿ. ಬೆಳಗಾಗುವವರೆಗೆ ಕಾಯಬಾರದು.
• ಎಲೆ ರಸ, ಹಸಿ ಜ್ಯೂಸ್‌ಗಳಿಂದ ಲಾಭವಿಲ್ಲ, ಸೋಂಕಿನ ಭಯವಿದೆ.
• 18 ದಾಟಿದ ಮಗ ಅಥವಾ ಮಗಳಿಂದ ಕಾಯಿಲೆ ಮುಚ್ಚಿಡಬೇಡಿ.

ಲ್ಯುಕೇಮಿಯಾ ಎಂದರೇನು?

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಹಾಸನದ ಕಡೆಯ ಒಂದು ಕುಟುಂಬ. 19 ವರ್ಷದ ಮಗಳು ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಓದುತ್ತಿದ್ದಾಳೆ. ಒಂದು ತಿಂಗಳಿಂದ ಸುಸ್ತು. ಹಾಸ್ಟೆಲ್ ಊಟ ಸರಿಯಿಲ್ಲ ಎಂದುಕೊಂಡರು. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಮುಟ್ಟಿನಲ್ಲಿ ವಿಪರೀತ ಸ್ರಾವ. ಕಾಲಿನ ಮೇಲೆ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆ. ಬಿಟ್ಟು ಬಿಟ್ಟು ಜ್ವರ. ಡೆಂಗಿ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರೆ ಲ್ಯಾಬಿನವರು ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂದರು.

ನಮ್ಮ ಮೂಳೆಗಳ ಒಳಗಿನ ಮಜ್ಜೆ ರಕ್ತಕಣಗಳ ಕಾರ್ಖಾನೆ. ಅಲ್ಲಿನ ಒಂದು ಎಳೆಯ ಬಿಳಿಕಣ ದಾರಿ ತಪ್ಪಿ, ಬಲಿಯದೆ ಬರೀ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಾ ಹೋದರೆ ಅದು ಲ್ಯುಕೇಮಿಯಾ. ಕಾರ್ಖಾನೆ ತುಂಬಾ ಇವೇ ತುಂಬಿಕೊಂಡಾಗ ಒಳ್ಳೆಯ ಕಣಗಳಿಗೆ ಜಾಗವಿಲ್ಲ. ಕೆಂಪುಕಣ ಕಡಿಮೆಯಾಗಿ ಸುಸ್ತು, ಪ್ಲೇಟ್‌ಲೆಟ್ ಕಡಿಮೆಯಾಗಿ ರಕ್ತಸ್ರಾವ, ಆರೋಗ್ಯವಂತ ಬಿಳಿಕಣ ಕಡಿಮೆಯಾಗಿ ಸೋಂಕು. ಆ ಹುಡುಗಿಗೆ ಆದದ್ದು ಇದೇ.

ಇದರಲ್ಲಿ ಹಲವು ಬಗೆಗಳಿವೆ. ವೇಗವಾಗಿ ಬೆಳೆಯುವವು ಎಎಲ್‌ಎಲ್ ಮತ್ತು ಎಎಂಎಲ್. ನಿಧಾನವಾಗಿ ಬೆಳೆಯುವ ಸಿಎಂಎಲ್‌ಗೆ ಹೆಚ್ಚಿನವರಲ್ಲಿ ದಿನನಿತ್ಯದ ಮಾತ್ರೆಯೇ ಚಿಕಿತ್ಸೆ. ಹೀಗಾಗಿ ‘ಪಕ್ಕದ ಬೀದಿಯವರಿಗೂ ಬ್ಲಡ್ ಕ್ಯಾನ್ಸರ್ ಇತ್ತು, ಬರೀ ಮಾತ್ರೆಯಲ್ಲೇ ಹುಷಾರಾದರು’ ಎಂಬ ಮಾತು ನಿಜವೇ ಇರಬಹುದು. ಆದರೆ ಅದು ಬೇರೆಯೇ ಕಾಯಿಲೆಯ ಕಥೆ. ಈ ಲೇಖನದಲ್ಲಿ ಮುಖ್ಯವಾಗಿ ಎಎಲ್‌ಎಲ್ ಬಗ್ಗೆ ನೋಡೋಣ.

ಗಡ್ಡೆ ಕ್ಯಾನ್ಸರ್‌ಗಳಂತೆ ತೀವ್ರ ಲ್ಯುಕೇಮಿಯಾಗೆ ಒಂದರಿಂದ ನಾಲ್ಕರವರೆಗಿನ ಸ್ಟೇಜ್ ಇಲ್ಲ. ಅದು ಮೊದಲಿನಿಂದಲೇ ರಕ್ತದ ಜೊತೆ ಮೈಯೆಲ್ಲ ಓಡಾಡುತ್ತದೆ. ಯಾವ ಬಗೆ, ಯಾವ ಜೀನ್ ಬದಲಾವಣೆ, ಮೊದಲ ತಿಂಗಳ ಚಿಕಿತ್ಸೆಗೆ ಹೇಗೆ ಸ್ಪಂದಿಸಿತು ಎಂಬುದರ ಮೇಲೆ ವೈದ್ಯರು ಅಪಾಯವನ್ನು ಅಳೆಯುತ್ತಾರೆ. ‘ನಾಲ್ಕನೇ ಸ್ಟೇಜ್ ಬ್ಲಡ್ ಕ್ಯಾನ್ಸರ್ ವಾಸಿ’ ಎಂದು ಶುರುವಾಗುವ ಸಂದೇಶವನ್ನು ಬರೆದವರಿಗೆ ಈ ಕಾಯಿಲೆಯ ಪರಿಚಯವೇ ಇಲ್ಲ ಎಂದು ಆ ಒಂದು ಸಾಲಿನಲ್ಲೇ ಗೊತ್ತಾಗುತ್ತದೆ.

‘ನಮ್ಮಿಂದಲೇ ಬಂತಾ?’

ಎಲ್ಲ ಹೆತ್ತವರೂ ಕೇಳಿಕೊಳ್ಳುವ ಪ್ರಶ್ನೆ ಇದು. ನೂಡಲ್ಸ್ ತಿನ್ನಿಸಿದ್ದಕ್ಕೆ ಬಂತೇ? ಮೊಬೈಲ್ ಕೊಟ್ಟಿದ್ದಕ್ಕೆ? ಮನೆ ಹತ್ತಿರದ ಟವರ್‌ನಿಂದ? ಹಾಸ್ಟೆಲ್‌ಗೆ ಕಳಿಸಿದ್ದಕ್ಕೆ?

ಇವುಗಳಿಂದ ಲ್ಯುಕೇಮಿಯಾ ಬರುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಹೆಚ್ಚಿನವರಲ್ಲಿ ಇದು ಮಜ್ಜೆಯ ಕಣವೊಂದರಲ್ಲಿ ಆಕಸ್ಮಿಕವಾಗಿ ಆಗುವ ಜೀನ್ ಬದಲಾವಣೆ. ಬಹುತೇಕ ಸಂದರ್ಭಗಳಲ್ಲಿ ವಂಶದಿಂದ ಬಂದದ್ದಲ್ಲ. ಅಂಟುರೋಗವಂತೂ ಅಲ್ಲವೇ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ.

ಇದನ್ನು ಹೇಳುವುದು ಬರೀ ಸಮಾಧಾನಕ್ಕಲ್ಲ. ತಪ್ಪಿತಸ್ಥ ಭಾವನೆಯಲ್ಲಿರುವ ಅಪ್ಪ ಅಮ್ಮನೇ ‘ಏನಾದರೂ ಮಾಡಲೇಬೇಕು’ ಎಂಬ ಹಟದಲ್ಲಿ ಸುಳ್ಳು ಔಷಧಗಳ ಬಲೆಗೆ ಬೀಳುವುದು.

ಒಂದೇ ತಿಂಗಳಿಗೆ ಕ್ಲೀನ್. ಮತ್ತೆ ಎರಡು ವರ್ಷ ಯಾಕೆ?

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಎಎಲ್‌ಎಲ್ ಚಿಕಿತ್ಸೆಯ ಮೊದಲ ಹಂತ ಸುಮಾರು ನಾಲ್ಕು ವಾರ. ಸ್ಟೀರಾಯ್ಡ್, ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್ ಮುಂತಾದ ಔಷಧಗಳು ಸೇರಿ ಹೆಚ್ಚಿನವರಲ್ಲಿ ಕ್ಯಾನ್ಸರ್ ಕಣಗಳನ್ನು ಬಹಳಷ್ಟು ತಗ್ಗಿಸುತ್ತವೆ. ಆಮೇಲೆ ಮಜ್ಜೆಯ ಪರೀಕ್ಷೆ ಮಾಡಿದಾಗ ‘ರೆಮಿಷನ್’ ಎಂದು ಬರುತ್ತದೆ. ಮನೆಯಲ್ಲಿ ಹಬ್ಬ. ದೇವರಿಗೆ ಹರಕೆ ತೀರಿಸುತ್ತಾರೆ. ಚಿಕ್ಕಪ್ಪ ಫೋನ್ ಮಾಡಿ, “ಅಣ್ಣ, ರಿಪೋರ್ಟ್ ಕ್ಲೀನ್ ಬಂತಲ್ಲ, ಇನ್ಯಾಕೆ ಆ ವಿಷ ಹಾಕಿಸ್ತೀಯ? ಮಗು ಒಣಗಿ ಕಡ್ಡಿ ಆಗಿದೆ” ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ.

ಈಗ ಲೆಕ್ಕ ನೋಡಿ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೇಮಿಯಾ ಕಣಗಳಿರಬಹುದು. ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಸ್ವಚ್ಛ ಕಂಡಾಗಲೂ ಸಾವಿರ ಕೋಟಿಯಷ್ಟು ಕಣ ಉಳಿದಿರಬಹುದು. ಕಣ್ಣಿಗೆ ಕಾಣುವಷ್ಟು ದಟ್ಟವಾಗಿಲ್ಲ, ಅಷ್ಟೇ. ಹೊಲದಲ್ಲಿ ಕಳೆ ಕಿತ್ತ ಮರುದಿನ ನೆಲ ಸ್ವಚ್ಛವಾಗಿಯೇ ಕಾಣುತ್ತದೆ. ಬೇರು, ಬೀಜ ಒಳಗಿರುತ್ತವೆ. ಮಳೆ ಬಿದ್ದರೆ ಮತ್ತೆ ಬರುತ್ತದೆ.

ಅದಕ್ಕೇ ಎಂಆರ್‌ಡಿ ಎಂಬ ಪರೀಕ್ಷೆ ಮಾಡಿಸುತ್ತಾರೆ. ಹತ್ತು ಸಾವಿರ ಕಣಗಳಲ್ಲಿ ಒಂದು ಕೆಟ್ಟ ಕಣ ಇದ್ದರೂ ಅದು ಹಿಡಿಯುತ್ತದೆ. ಅದರಲ್ಲೂ ಏನೂ ಸಿಗದಿದ್ದರೆ ಒಳ್ಳೆಯ ಸೂಚನೆ, ಆದರೂ ಚಿಕಿತ್ಸೆ ನಿಲ್ಲುವುದಿಲ್ಲ. ಮುಂದೆ ಕೆಲವು ತಿಂಗಳು ಬಿಗಿಯಾದ ಕಿಮೊ. ಮೆದುಳಿನ ಸುತ್ತ ಕಣಗಳು ಅಡಗದಂತೆ ಬೆನ್ನುಹುರಿಯ ದ್ರವಕ್ಕೆ ಇಂಜೆಕ್ಷನ್. ಕೊನೆಗೆ ಮನೆಯಲ್ಲೇ ಮಾತ್ರೆ ನುಂಗುವ ‘ಮೇಂಟೆನೆನ್ಸ್’ ಹಂತ ಸುಮಾರು ಎರಡು ವರ್ಷ. ಒಟ್ಟು ಎರಡೂವರೆಯಿಂದ ಮೂರು ವರ್ಷ.

ಮಾತ್ರೆಯ ಹಂತ ಸುಲಭ ಎಂದು ಕಂಡರೂ ಜಾರುವುದು ಇಲ್ಲೇ. ಕೂದಲು ಮತ್ತೆ ಬಂದಿರುತ್ತದೆ, ಕಾಲೇಜಿಗೆ ಹೋಗುತ್ತಿರುತ್ತಾರೆ, ಮಾತ್ರೆ ಮರೆಯುತ್ತದೆ. ಅಮೆರಿಕದಲ್ಲಿ ಎಎಲ್‌ಎಲ್ ಇದ್ದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, 6-ಎಂಪಿ ಎಂಬ ಈ ಮಾತ್ರೆಯನ್ನು ಶೇ 95ಕ್ಕಿಂತ ಕಡಿಮೆ ದಿನ ತೆಗೆದುಕೊಂಡವರಲ್ಲಿ ಕಾಯಿಲೆ ಮರಳುವ ಸಾಧ್ಯತೆ ಗಣನೀಯವಾಗಿ ಹೆಚ್ಚಿತ್ತು. ಶೇ 95 ಎಂದರೆ ತಿಂಗಳಿಗೆ ಒಂದೋ ಎರಡೋ ಮಾತ್ರೆ ತಪ್ಪಿದಂತೆ.

ಇಲ್ಲಿ ಹೆತ್ತವರ ಕೆಲಸ ಸಣ್ಣದು, ಆದರೆ ಜೀವ ಉಳಿಸುವಂಥದ್ದು. ರಾತ್ರಿ ಒಂದೇ ಹೊತ್ತಿಗೆ ಫೋನಿನಲ್ಲಿ ಅಲಾರಂ. ಹಾಸ್ಟೆಲ್‌ನಲ್ಲಿದ್ದರೆ ‘ತಗೊಂಡ್ಯಾ?’ ಎಂದು ಒಂದು ಮೆಸೇಜ್. ವಾರಕ್ಕೊಮ್ಮೆ ಸ್ಟ್ರಿಪ್ ಎಣಿಕೆ. ಜೀನ್‌ಗಳ ವ್ಯತ್ಯಾಸದಿಂದ ಕೆಲವರಿಗೆ ಈ ಔಷಧ ಕಡಿಮೆ ಪ್ರಮಾಣದಲ್ಲೇ ಸಾಕಾಗುತ್ತದೆ. ಹಾಗಾಗಿ ಬೇರೆ ರೋಗಿಯ ಡೋಸ್ ಜೊತೆ ಹೋಲಿಸಿ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ.

‘ಕಿಮೊ ಎಂದರೆ ವಿಷ’ ಎಂಬುದು ನಿಜವೇ?

ಕಿಮೊ ಕಠಿಣ ಔಷಧ, ಅಡ್ಡಪರಿಣಾಮಗಳಿವೆ. ಆದರೆ ಚಿಕಿತ್ಸೆ ಇಲ್ಲದಿದ್ದರೆ ತೀವ್ರ ಲ್ಯುಕೇಮಿಯಾ ವಾರಗಳಲ್ಲಿ ಅಥವಾ ಕೆಲವು ತಿಂಗಳಲ್ಲಿ ಜೀವ ತೆಗೆಯುತ್ತದೆ.

1948ರಲ್ಲಿ ಬೋಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್, ಅಮಿನಾಪ್ಟೆರಿನ್ ಎಂಬ ಔಷಧದಿಂದ ಲ್ಯುಕೇಮಿಯಾ ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಂದೆ ಸರಿದುದನ್ನು ಪ್ರಕಟಿಸಿದರು. ಆ ಔಷಧ ತಯಾರಿಸಿದ ಲೆಡರ್ಲಿ ಕಂಪನಿಯ ಸಂಶೋಧನಾ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಕುಟುಂಬದ ಮೆಥೋಟ್ರೆಕ್ಸೇಟ್ ಇಂದಿಗೂ ಎಎಲ್‌ಎಲ್ ಚಿಕಿತ್ಸೆಯ ಭಾಗ. ಆಗ ತಿಂಗಳುಗಳ ಲೆಕ್ಕದಲ್ಲಿದ್ದ ಬದುಕು ಈಗ ಶ್ರೀಮಂತ ದೇಶಗಳಲ್ಲಿ ಎಎಲ್‌ಎಲ್ ಬಂದ ಮಕ್ಕಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಬದುಕುಳಿಯುವ ಮಟ್ಟ ತಲುಪಿದೆ. ಹದಿಹರೆಯ ಮತ್ತು ಕಾಲೇಜು ವಯಸ್ಸಿನವರಲ್ಲಿ ಈ ಪ್ರಮಾಣ ಕಡಿಮೆ. ಆದರೆ ಈ ವಯಸ್ಸಿನವರಿಗೆ ಮಕ್ಕಳ ಪದ್ಧತಿಯ ಬಿಗಿಯಾದ ಚಿಕಿತ್ಸೆ ಕೊಟ್ಟರೆ ಫಲಿತಾಂಶ ಉತ್ತಮ ಎಂದು ಹಲವು ದೇಶಗಳ ಅನುಭವ ತೋರಿಸಿದೆ. ‘ಇವಳಿಗೆ ಯಾವ ಪದ್ಧತಿ?’ ಎಂದು ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು.

ನಿತ್ಯಪುಷ್ಪ, ಪಪ್ಪಾಯಿ ಎಲೆ, ಗೋಧಿಹುಲ್ಲು

‘ಕಿಮೊ ಔಷಧ ನಮ್ಮ ಹಿತ್ತಲಿನ ನಿತ್ಯಪುಷ್ಪದಿಂದಲೇ ಬಂದದ್ದು, ಹಾಗಾದರೆ ಎಲೆಯನ್ನೇ ಅರೆದು ಕುಡಿಯಿರಿ’ ಎಂಬ ಸಂದೇಶದಲ್ಲಿ ಅರ್ಧ ಸತ್ಯವಿದೆ. ವಿನ್‌ಕ್ರಿಸ್ಟಿನ್ ಬಂದದ್ದು ಆ ಗಿಡದಿಂದಲೇ. ಆದರೆ ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಎಲೆಯಲ್ಲಿ ವಿಷಕಾರಿಯಾದ ಬೇರೆ ಅಂಶಗಳೂ ಇವೆ. ಎಲೆ ರಸ ಕುಡಿದರೆ ಔಷಧ ಸಿಗುವುದಿಲ್ಲ, ಅಪಾಯ ಮಾತ್ರ ಸಿಗುತ್ತದೆ.

ಪಪ್ಪಾಯಿ ಎಲೆಯ ಸುದ್ದಿ ಹುಟ್ಟಿದ್ದು ಡೆಂಗಿಯಿಂದ. ಡೆಂಗಿಯಲ್ಲಿ ಜ್ವರ ಇಳಿದ ಮೇಲೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಲ್ಯುಕೇಮಿಯಾದಲ್ಲಿ ಕಾರ್ಖಾನೆಯೇ ನಿಂತಿರುತ್ತದೆ. ಎರಡೂ ಒಂದೇ ಅಲ್ಲ.

ಗೋಧಿಹುಲ್ಲಿನ ರಸ, ಹಸಿ ತರಕಾರಿ ಜ್ಯೂಸ್ ಮುಂತಾದವುಗಳ ತೊಂದರೆ ಬೇರೆ. ಬೇಯಿಸದ ಸೊಪ್ಪಿನಲ್ಲಿ ಮಣ್ಣಿನ ಸೂಕ್ಷ್ಮಾಣುಗಳಿರುತ್ತವೆ. ನಮಗೆ ಏನೂ ಆಗುವುದಿಲ್ಲ. ಬಿಳಿಕಣಗಳೇ ಇಲ್ಲದ ಮೈಗೆ ಅದೇ ಸಾಕು.

ಹಾಗಿದ್ದರೆ ಏನು ಕೊಡಬೇಕು? ಮನೆಯಲ್ಲಿ ಆಗಷ್ಟೇ ಬೇಯಿಸಿದ ಬಿಸಿ ಊಟ. ಅನ್ನ ಸಾರು, ಮುದ್ದೆ, ಇಡ್ಲಿ, ಬೇಳೆ, ಚೆನ್ನಾಗಿ ಬೆಂದ ಮೊಟ್ಟೆ, ಮಾಂಸ. ಕುದಿಸಿ ಆರಿಸಿದ ನೀರು. ತೊಳೆದು ಸಿಪ್ಪೆ ಸುಲಿದು ತಿನ್ನುವ ಹಣ್ಣು. ಹೊರಗಿನ ಚಟ್ನಿ, ಪಾನಿಪುರಿ, ಕತ್ತರಿಸಿಟ್ಟ ಹಣ್ಣು ಬೇಡ. ಮೊಸರು, ಎಳನೀರಿನ ಬಗ್ಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಸಲಹೆ ಬೇರೆಯಿರುತ್ತದೆ, ನಿಮ್ಮ ವೈದ್ಯರನ್ನೇ ಕೇಳಿ. ‘ಸಕ್ಕರೆ ನಿಲ್ಲಿಸಿದರೆ ಕ್ಯಾನ್ಸರ್ ಸಾಯುತ್ತದೆ’ ಎಂಬುದೂ ಸುಳ್ಳು. ಆದರೆ ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ ಏರಿದ್ದರೆ ವೈದ್ಯರು ಸಿಹಿ ತಗ್ಗಿಸಲು ಹೇಳಬಹುದು.

ಜ್ವರ: ಬೆಳಗಿನವರೆಗೆ ಕಾಯಬೇಡಿ

ಕಿಮೊ ನಂತರ ಕೆಲವು ದಿನ ಬಿಳಿಕಣಗಳು ಪಾತಾಳಕ್ಕೆ ಇಳಿಯುತ್ತವೆ. ಆಗ ಬರುವ ಜ್ವರ ಗಂಟೆಗಳಲ್ಲೇ ರಕ್ತದ ಸೋಂಕಾಗಿ ಪ್ರಾಣಕ್ಕೆ ಬರಬಹುದು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು ಎಂಬುದು ವೈದ್ಯಕೀಯ ಗುರಿ.

• ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲಿ. ಕೈಯಲ್ಲಿ ಮುಟ್ಟಿ ನೋಡುವುದು ಸಾಲದು.
• 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಅಥವಾ ನಿಮ್ಮ ಆಸ್ಪತ್ರೆ ಹೇಳಿದ ಮಿತಿ ದಾಟಿದರೆ, ರಾತ್ರಿ ಎರಡಾದರೂ ಫೋನ್ ಮಾಡಿ, ಹೊರಡಿ.
• ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ.
• ಸ್ಟೀರಾಯ್ಡ್ ತೆಗೆದುಕೊಳ್ಳುವಾಗ ಜ್ವರ ಕಾಣಿಸದೆಯೂ ಸೋಂಕಿರಬಹುದು. ನಡುಕ, ವಿಪರೀತ ಸುಸ್ತು, ಉಸಿರಾಟದ ತೊಂದರೆ ಇದ್ದರೂ ಹೊರಡಿ.
• ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ. ಸ್ಥಳೀಯ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಬೇಡಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತಸ್ರಾವವಾಗಬಹುದು.
• ಊರು ದೂರವಿದ್ದರೆ, ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮೊದಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ. ಕಿಮೊ ವಿವರವಿರುವ ಫೈಲ್ ಕೈಗೆ ಸಿಗುವಂತಿರಲಿ.

ನೋಡಲು ಬರುವ ನೆಂಟರಿಗೆ ಒಂದು ಮಾತು: ನೆಗಡಿ, ಕೆಮ್ಮು ಇದ್ದರೆ ಬರಬೇಡಿ. ಸೀತಾಳೆ ಸಿಡುಬು ಇರುವ ಮನೆಯಿಂದ ಬರಲೇಬೇಡಿ. ಒಂದು ಬುಟ್ಟಿ ಹಣ್ಣಿಗಿಂತ ಒಂದು ವಿಡಿಯೊ ಕಾಲ್ ಮೇಲು.

ಅವಳಿಗೆ ಹೇಳಬೇಕೇ?

‘ಮಗಳಿಗೆ ಹೇಳಬೇಡಿ ಡಾಕ್ಟ್ರೇ, ತಡೆದುಕೊಳ್ಳಲ್ಲ’ ಎಂದು ಬೇಡುವ ಹೆತ್ತವರು ಬಹಳ. ಆದರೆ ಅವಳಿಗೆ 19 ವರ್ಷ. 18 ತುಂಬಿದ ಮೇಲೆ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವಳು ಅವಳೇ. ಕೈಯಲ್ಲಿ ಫೋನಿದೆ. ಔಷಧದ ಹೆಸರು ಹುಡುಕಿದರೆ ಕಾಯಿಲೆಯ ಹೆಸರು ಅರ್ಧ ನಿಮಿಷದಲ್ಲಿ ಸಿಗುತ್ತದೆ. ಆಗ ಅವಳಿಗೆ ಕಾಯಿಲೆಯ ಭಯದ ಜೊತೆ, ಮನೆಯವರು ಸುಳ್ಳು ಹೇಳಿದರು ಎಂಬ ಒಂಟಿತನವೂ ಸೇರುತ್ತದೆ. ಎರಡು ವರ್ಷ ಮಾತ್ರೆ ನುಂಗಬೇಕಾದವಳಿಗೆ ಯಾಕೆ ನುಂಗಬೇಕೆಂದು ಗೊತ್ತಿರಲೇಬೇಕು.

ವೈದ್ಯರ ಮುಂದೆ ಅವಳೇ ಪ್ರಶ್ನೆ ಕೇಳಲಿ. ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಕೆಲವು ವಿಷಯ ಅಪ್ಪ ಅಮ್ಮನ ಎದುರು ಕೇಳಲು ಸಂಕೋಚವಿರುತ್ತದೆ, ಐದು ನಿಮಿಷ ನೀವು ಹೊರಗೆ ಹೋಗಿ.

ಒಂದು ಪ್ರಶ್ನೆಯನ್ನು ಕಿಮೊ ಶುರುವಾಗುವ ಮುಂಚೆಯೇ ಕೇಳಬೇಕು: ಮುಂದೆ ಮಕ್ಕಳಾಗುವ ಬಗ್ಗೆ. ಹುಡುಗರಾದರೆ ವೀರ್ಯ ಸಂಗ್ರಹಿಸಿಡುವುದು ಬೇಗ ಆಗುವ ಕೆಲಸ. ಹುಡುಗಿಯರಲ್ಲಿ ಅಂಡಾಣು ಸಂಗ್ರಹಕ್ಕೆ ಸಮಯ ಬೇಕು, ತೀವ್ರ ಲ್ಯುಕೇಮಿಯಾದಲ್ಲಿ ಯಾವಾಗಲೂ ಸಾಧ್ಯವಾಗದು. ಎಎಲ್‌ಎಲ್ ಚಿಕಿತ್ಸೆ ಮುಗಿಸಿದ ಹಲವರಿಗೆ ಸಹಜವಾಗಿಯೇ ಮಕ್ಕಳಾಗಿದ್ದಾರೆ. ಮಜ್ಜೆ ಕಸಿ ಬೇಕಾದರೆ ಅಪಾಯ ಹೆಚ್ಚು. ನಾಚಿಕೆಯಿಂದ ಕೇಳದೆ ಬಿಟ್ಟರೆ ಆ ಅವಕಾಶ ಮತ್ತೆ ಬರುವುದಿಲ್ಲ.

ಇನ್ನೊಂದು ಮಾತು. ಸ್ಟೀರಾಯ್ಡ್ ಇರುವ ವಾರಗಳಲ್ಲಿ ಮುಖ ಊದುತ್ತದೆ, ವಿಪರೀತ ಹಸಿವು, ನಿದ್ದೆಯಿಲ್ಲ, ಕಾರಣವಿಲ್ಲದೆ ಸಿಟ್ಟು ಮತ್ತು ಅಳು. ‘ಇಷ್ಟೆಲ್ಲ ಮಾಡ್ತಿದ್ದೀವಿ, ನಮ್ಮ ಮೇಲೇ ರೇಗ್ತಾಳೆ’ ಎಂದು ನೊಂದುಕೊಳ್ಳಬೇಡಿ. ಅದು ಬಹುಮಟ್ಟಿಗೆ ಔಷಧದ ಸಿಟ್ಟು. ಸ್ಟೀರಾಯ್ಡ್ ನಿಂತ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ‘ಬದುಕೇ ಬೇಡ’ ಎಂಬಂಥ ಮಾತು ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದು ಹೆತ್ತವರಿಗೂ ಇದೆ.

ಕಾಲೇಜಿನ ವಿಷಯದಲ್ಲಿ ಹೆಸರು ತೆಗೆಸುವ ಆತುರ ಬೇಡ. ವೈದ್ಯರ ಪ್ರಮಾಣಪತ್ರದೊಂದಿಗೆ ಪ್ರಾಂಶುಪಾಲರಿಗೆ ಬರೆದು ಬಿಡುವು ಕೇಳಿ. ಮೇಂಟೆನೆನ್ಸ್ ಹಂತದಲ್ಲಿ ಅನೇಕರು ತರಗತಿಗೆ ಮರಳುತ್ತಾರೆ.

ರಕ್ತ ಬೇಕೆಂದು ಸಂದೇಶ ಹಾಕುವಾಗ

ಚಿಕಿತ್ಸೆಯಲ್ಲಿ ರಕ್ತ, ಪ್ಲೇಟ್‌ಲೆಟ್ ಮತ್ತೆ ಮತ್ತೆ ಬೇಕಾಗುತ್ತದೆ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಆದ್ದರಿಂದ ಒಂದೇ ದಿನ ಐವತ್ತು ಜನ ಬಂದು ಉಪಯೋಗವಿಲ್ಲ, ಒಬ್ಬರ ನಂತರ ಒಬ್ಬರು ಬರುವಂತೆ ಪಟ್ಟಿ ಬೇಕು. ‘ನನ್ನ ರಕ್ತವನ್ನೇ ಕೊಡುತ್ತೇನೆ’ ಎಂದು ಅಪ್ಪ ಅಮ್ಮ ಮುಂದೆ ಬರುವುದು ಸಹಜ. ಆದರೆ ಮಜ್ಜೆ ಕಸಿ ಬೇಕಾಗಬಹುದಾದ ರೋಗಿಗೆ ಮನೆಯವರ ರಕ್ತ ಕೊಡದಿರುವುದು ಒಳ್ಳೆಯದು, ವೈದ್ಯರನ್ನು ಕೇಳದೆ ಕೊಡಬೇಡಿ.

ಸಂದೇಶದಲ್ಲಿ ದಿನಾಂಕ, ರಕ್ತದ ಗುಂಪು, ಆಸ್ಪತ್ರೆ, ‘ಈ ದಿನದವರೆಗೆ ಮಾತ್ರ’ ಎಂಬ ಸಾಲು ಇರಲಿ. ದಿನಾಂಕವಿಲ್ಲದ ಸಂದೇಶಗಳು ವರ್ಷಗಟ್ಟಲೆ ತಿರುಗುತ್ತವೆ. ರೋಗಿ ಇಲ್ಲವಾದ ಮೇಲೂ ಆ ಮನೆಗೆ ಕರೆಗಳು ಬರುತ್ತವೆ. ದಿನಾಂಕವಿಲ್ಲದ್ದನ್ನು ಫಾರ್ವರ್ಡ್ ಮಾಡುವ ಮುನ್ನ ಒಂದು ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ಹಣ ಇಲ್ಲವೆಂದು ನಿಲ್ಲಿಸಬೇಡಿ

ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ಫಾರ್ವರ್ಡ್‌ಗಳಷ್ಟೇ ಅಲ್ಲ, ಖರ್ಚೂ ಕಾರಣ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲ್ವೆ ರಿಯಾಯಿತಿ ಇದೆ. ಮುಂದಿನ ಡೋಸ್‌ಗೆ ಹಣವಿಲ್ಲದಿದ್ದರೆ ಊರಿಗೆ ಹೊರಟುಬಿಡಬೇಡಿ, ಮೊದಲು ಆಸ್ಪತ್ರೆಯ ಸಮಾಜ ಕಾರ್ಯಕರ್ತರಿಗೆ ಹೇಳಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

“ಗ್ರೂಪ್‌ನಲ್ಲಿ ಯಾರ ಮನೆಯಲ್ಲಾದರೂ ಲ್ಯುಕೇಮಿಯಾ ಚಿಕಿತ್ಸೆ ನಡೆಯುತ್ತಿದ್ದರೆ: ರಿಪೋರ್ಟ್ ಕ್ಲೀನ್ ಬಂದರೂ ಚಿಕಿತ್ಸೆ ಪೂರ್ತಿ ಮಾಡಿಸಿ. ಜ್ವರ 100.4 ದಾಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಎಲೆ ರಸ, ಹಸಿ ಜ್ಯೂಸ್ ಕೊಡಬೇಡಿ. ರಕ್ತ ಬೇಕಿದ್ದರೆ, ರಾತ್ರಿ ಗಾಡಿ ಬೇಕಿದ್ದರೆ, ಆಸ್ಪತ್ರೆಯಲ್ಲಿ ಒಂದು ರಾತ್ರಿ ಕೂರಲು ಜನ ಬೇಕಿದ್ದರೆ ನನಗೆ ಫೋನ್ ಮಾಡಿ.”

ಕೊನೆಯ ಸಾಲನ್ನು ನಿಜವಾಗಿ ಮಾಡುವ ಮನಸ್ಸಿದ್ದರೆ ಮಾತ್ರ ಕಳಿಸಿ. ಆ ಬೆಂಚಿನ ಮೇಲೆ ಕೂತಿರುವ ಅಪ್ಪ ಅಮ್ಮನಿಗೆ ಸಾವಿರ ಮನೆಮದ್ದುಗಳಿಗಿಂತ ಅಂಥ ಒಂದು ಫೋನ್ ನಂಬರ್ ಹೆಚ್ಚು ಕೆಲಸಕ್ಕೆ ಬರುತ್ತದೆ.